ಹಳೆಯ ಕಾರಿಗೆ ಜಾಕಿ: ಆರಿಸುವುದು, ಪರೀಕ್ಷಿಸುವುದು, ದಾರಿಯಲ್ಲಿ ಎತ್ತುವುದು

ಒಂದು ಮಳೆಗಾಲದ ಸಂಜೆ. ಸಕಲೇಶಪುರ ದಾಟಿ ಇನ್ನೇನು ಶಿರಾಡಿ ಘಾಟಿ ಇಳಿಯಬೇಕು, ನಮ್ಮ ಹಳೆಯ ಮಾರುತಿ 800ರ ಹಿಂದಿನ ಎಡ ಚಕ್ರ ಪಂಚರ್ ಆಯಿತು. ಡಿಕ್ಕಿಯಲ್ಲಿ ಕಾರಿನ ಜೊತೆಗೇ ಬಂದ ಕತ್ತರಿ ಜಾಕಿ ಇತ್ತು. ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗೆ ಜಾಕಿ ಕೊಡಬೇಕಾದ ಜಾಗಕ್ಕೇ ಕೊಟ್ಟೆ. ಏಳೆಂಟು ಸುತ್ತು ತಿರುಗಿಸುವಷ್ಟರಲ್ಲಿ ಹಪ್ಪಳ ಮುರಿದಂಥ ಸದ್ದು. ಕಾರು ಮೇಲೇಳಲಿಲ್ಲ, ಜಾಕಿಯ ತಲೆಯೇ ರನ್ನಿಂಗ್ ಬೋರ್ಡಿನ (ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ತಗಡಿನ) ಒಳಕ್ಕೆ ಹೋಯಿತು. ಟಾರ್ಚ್ ಬಿಟ್ಟು ನೋಡಿದರೆ ತಗಡು ಬೆರಳಿಗೆ ಪುಡಿಪುಡಿಯಾಗಿ ಬರುತ್ತಿತ್ತು. ನಮಗೆ ಕಾರು ಮಾರುವ ಮುಂಚೆ ಯಾರೋ ಟಿಂಕರಿಂಗ್ ಮಾಡಿಸಿ, ತುಕ್ಕು ಹಿಡಿದ ಕಡೆಯೆಲ್ಲ ಪುಟ್ಟಿ ತುಂಬಿ, ಮೇಲೆ ಕಪ್ಪು ಬಣ್ಣ ಬಳಿಸಿದ್ದರು. ಪುಣ್ಯಕ್ಕೆ ಚಕ್ರ ಇನ್ನೂ ಬಿಚ್ಚಿರಲಿಲ್ಲ.

ಹಿಂದಿನಿಂದ ಬಂದ ಪಿಕಪ್ ಗಾಡಿಯ ಡ್ರೈವರ್ ನಿಲ್ಲಿಸಿದರು. "ಜಾಕಿಯನ್ನು ಬಾಡಿ ತಗಡಿಗೆ ಕೊಡಬೇಡಿ ಸಾರ್, ಆಕ್ಸಲ್‌ಗೆ ಕೊಡಿ" ಎಂದು ತಮ್ಮ ಗಾಡಿಯಿಂದ ಒಂದು ಮರದ ತುಂಡು ತಂದು ನೆಲಕ್ಕೆ ಹಾಕಿದರು. ಅದರ ಮೇಲೆ ನಮ್ಮದೇ ಜಾಕಿಯನ್ನಿಟ್ಟು, ಹಿಂದಿನ ಆಕ್ಸಲ್ಲಿನ ಅಡಿಗೆ ಚಕ್ರದ ಪಕ್ಕದಲ್ಲೇ ಕೊಟ್ಟರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಹಳೆಯ ಕಾರಿನ ವಿಷಯದಲ್ಲಿ ಜಾಕಿ ಎಷ್ಟು ಗಟ್ಟಿ ಅನ್ನುವುದಕ್ಕಿಂತ, ಅದು ಮೇಲೆ ಯಾವ ತಗಡನ್ನು ಒತ್ತುತ್ತದೆ, ಕೆಳಗೆ ಯಾವ ನೆಲದ ಮೇಲೆ ಕೂರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ ಎಂದು ನನಗೆ ಅವತ್ತು ತಿಳಿಯಿತು. ಹದಿನೈದು, ಇಪ್ಪತ್ತು ವರ್ಷ ದಾಟಿದ ಕಾರನ್ನು ಇನ್ನೂ ಪ್ರೀತಿಯಿಂದ ಓಡಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾರಿನ ಅಡಿ ನೋಡಿ

ಜಾಕಿ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಕಾರಿನ ಅಡಿಗೆ ಬಗ್ಗಬೇಕು. ಮಾರುತಿ 800, ಜೆನ್, ಆಲ್ಟೊ ಥರದ ಕಾರುಗಳಿಗೆ ಲಾರಿಗಿರುವಂತೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ರನ್ನಿಂಗ್ ಬೋರ್ಡಿನ ಕೆಳ ಅಂಚಿನಲ್ಲಿ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಜಾಕಿಯ ಜಾಗಕ್ಕೆ ಗುರುತಿರುತ್ತದೆ. ಒಳಗಿನಿಂದ ಹೆಚ್ಚುವರಿ ತಗಡು ಕೊಟ್ಟು ಬಲಪಡಿಸಿರುವುದು ಅಲ್ಲಿ ಮಾತ್ರ. ಒಂದು ಗೇಣು ಆಚೆ ಈಚೆ ಕೊಟ್ಟರೂ ತಗಡು ಮಡಚಿಕೊಳ್ಳುತ್ತದೆ.

ಈ ನಾಲ್ಕು ಜಾಗವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಸರು ಹೋಗುವಂತೆ ತಿಕ್ಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಲೋಹ 'ಟಣ್' ಅನ್ನುತ್ತದೆ. ಪುಟ್ಟಿ ತುಂಬಿದ ಜಾಗ 'ಡಬ್' ಅನ್ನುತ್ತದೆ. ಅನುಮಾನ ಬಂದರೆ ಒಂದು ಆಯಸ್ಕಾಂತ ಹಿಡಿಯಿರಿ. ಪುಟ್ಟಿಗೆ ಅದು ಅಂಟುವುದಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಬೆರಳಿನ ಬಲದಲ್ಲಿ ಒತ್ತಿದಾಗ ತಗಡು ತಗ್ಗಿದರೆ ಆ ಜಾಗಕ್ಕೆ ಜಾಕಿ ಕೊಡುವ ಹಾಗಿಲ್ಲ. ಕರಾವಳಿಯಲ್ಲಿ ಓಡಿದ ಕಾರಾದರೆ ಈ ಪರೀಕ್ಷೆಯನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಿ. ಉಪ್ಪುಗಾಳಿಯ ತುಕ್ಕು ಒಳಗಿನಿಂದ ತಿಂದುಕೊಂಡು ಬರುತ್ತದೆ, ಹೊರಗೆ ಬಣ್ಣ ಮಾತ್ರ ಉಳಿದಿರುತ್ತದೆ.

ತಗಡು ಹೋಗಿದ್ದರೆ ಟಿಂಕರಿಂಗಿನವರ ಹತ್ತಿರ ಕೊಳೆತ ಭಾಗ ಕತ್ತರಿಸಿ ತೆಗೆಸಿ, ಹೊಸ ತಗಡು ವೆಲ್ಡ್ ಮಾಡಿಸಿ. ಪುಟ್ಟಿ ಹಾಕುವ ಮುಂಚೆ ನನಗೆ ತೋರಿಸಿ ಎಂದು ಹೇಳಿ, ಹೋಗಿ ಕಣ್ಣಾರೆ ನೋಡಿ. ಆ ಕೆಲಸ ಆಗುವವರೆಗೆ ಎಲ್ಲಿ ಕೊಡಬಹುದು ಎಂದು ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ, ಆ ಜಾಗಗಳಿಗೆ ಹಳದಿ ಬಣ್ಣದ ಒಂದು ಚುಕ್ಕೆ ಇಡಿಸಿಕೊಳ್ಳಿ. ಕತ್ತಲಲ್ಲಿ, ಮಳೆಯಲ್ಲಿ ಆ ಚುಕ್ಕೆಯ ಬೆಲೆ ಗೊತ್ತಾಗುತ್ತದೆ. ಅಂಬಾಸಡರ್ ಕಾರಿನಲ್ಲಿ ಹಿಂದುಗಡೆ ಪಟ್ಟಾ ಸ್ಪ್ರಿಂಗು ಇರುವುದರಿಂದ, ಸ್ಪ್ರಿಂಗು ಆಕ್ಸಲ್ಲಿಗೆ ಕೂರುವ ಕಡೆ ಅಡಿಯಿಂದ ಕೊಟ್ಟರೆ ಭದ್ರ. ಎಂಜಿನ್ನಿನ ಆಯಿಲ್ ಪ್ಯಾನ್, ಗೇರ್ ಬಾಕ್ಸು, ಸೈಲೆನ್ಸರ್ ಪೈಪು, ಡ್ರೈವರ್ ಕಾಲಡಿಯ ಪ್ಲಾಟ್‌ಫಾರ್ಮ್ ತಗಡು, ಇವಕ್ಕೆ ಯಾವ ಕಾರಣಕ್ಕೂ ಜಾಕಿ ಕೊಡಬೇಡಿ.

ಯಾವ ಜಾಕಿ?

ಅಂಗಡಿಯವರು ಮೊದಲು ಹೇಳುವುದು ಟನ್ನು. ನಾನು ಮೊದಲು ಕೇಳುವುದು ಎತ್ತರ. ಮಾರುತಿ 800ರ ತೂಕ ಸುಮಾರು 650 ಕಿಲೋ. ಒಂದು ಮೂಲೆ ಎತ್ತುವಾಗ ಜಾಕಿಯ ಮೇಲೆ ಬೀಳುವುದು ಅದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ 1 ಟನ್ನಿನ ಒಳ್ಳೆಯ ಜಾಕಿ ಅದಕ್ಕೆ ಸಾಕು. ಅಂಬಾಸಡರಿನಂಥ ಭಾರದ ಕಾರಿಗೆ, ಅಥವಾ ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಹೋಗುವವರಿಗೆ 2 ಟನ್ನಿನದು ಇರಲಿ. ಅದಕ್ಕೂ ಮೇಲಿನ ಟನ್ನಿನ ಹಿಂದೆ ಹೋದರೆ ಜಾಕಿ ದಪ್ಪವಾಗಿ ಕಾರಿನ ಅಡಿಗೇ ಹೋಗುವುದಿಲ್ಲ.

ಎತ್ತರದ ಲೆಕ್ಕ ಹೀಗೆ. ಮಾರುತಿ 800ರ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. 145 ಮಿಲಿಮೀಟರ್ ಅಗಲ, ಅದರಲ್ಲಿ ನೂರಕ್ಕೆ 70 ಅಂದರೆ ಸುಮಾರು 10 ಸೆಂಟಿಮೀಟರ್ ಟೈರಿನ ಪಕ್ಕೆಯ ಎತ್ತರ. ಗಾಳಿ ಪೂರ್ತಿ ಹೋದಾಗ ಆ ಹತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ. ಅಂದರೆ ಮನೆಯ ಮುಂದೆ ನಿಂತ ಕಾರಿನ ಅಡಿಗೆ ಸಲೀಸಾಗಿ ಹೋದ ಜಾಕಿ, ಪಂಚರ್ ಆದ ದಿನ ಹೋಗದೇ ಇರಬಹುದು. ಟೇಪು ಹಿಡಿದು ಅಳೆಯಿರಿ: ಸಮತಟ್ಟಾದ ಜಾಗದಲ್ಲಿ ಒಂದು ಚಕ್ರದ ಗಾಳಿ ಬಿಟ್ಟು, ನೆಲದಿಂದ ಜಾಕಿಯ ಜಾಗಕ್ಕೆ ಎಷ್ಟಿದೆ ನೋಡಿ, ಕಾಲು ಪಂಪಿನಿಂದ ಮತ್ತೆ ಗಾಳಿ ತುಂಬಿ. ಮುಚ್ಚಿದ ಜಾಕಿಯ ಎತ್ತರ ಆ ಅಳತೆಗಿಂತ ಎರಡು ಬೆರಳಾದರೂ ಕಡಿಮೆ ಇರಬೇಕು, ಯಾಕೆಂದರೆ ಅಡಿಗೆ ಹಲಗೆಯೂ ಬರಬೇಕು. ಪೂರ್ತಿ ಎತ್ತಿದಾಗಿನ ಎತ್ತರ, ಗಾಳಿ ತುಂಬಿದ ಕಾರಿನ ಅಳತೆಗಿಂತ 15 ಸೆಂಟಿಮೀಟರ್ ಆದರೂ ಹೆಚ್ಚಿರಲಿ. ಬಾಡಿ ಮೇಲೇಳುತ್ತಿದ್ದಂತೆ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರ ಕೆಳಗೇ ಜೋತುಬೀಳುತ್ತದೆ. ಅದನ್ನು ನೆಲದಿಂದ ಬಿಡಿಸುವುದಕ್ಕೇ ಅರ್ಧ ಎತ್ತರ ಖರ್ಚಾಗುತ್ತದೆ.

ಈ ಲೆಕ್ಕಕ್ಕೆ ಕೂರುವುದು ಕತ್ತರಿ ಜಾಕಿಯೇ. ಸ್ಕ್ರೂ ತಿರುಗಿಸಿದರೆ ಏರುತ್ತದೆ, ತಿರುಗಿಸದೆ ಇಳಿಯುವುದಿಲ್ಲ, ಆಯಿಲ್ ಸೋರುವ ಭಯವಿಲ್ಲ. ತಲೆಯಲ್ಲಿ ಪಟ್ಟಿ ಕೂರುವ ಸೀಳು ಇರುವಂಥದನ್ನೇ ತನ್ನಿ. ಚಪ್ಪಟೆ ತಲೆಯ ಜಾಕಿ ಆ ಪಟ್ಟಿಯನ್ನು ಮಡಚುತ್ತದೆ, ಜಾರಲೂ ಜಾರುತ್ತದೆ. ಬಾಟಲ್ ಜಾಕಿಗೆ, ಅಂದರೆ ಹಿಡಿ ಒತ್ತಿದಂತೆ ಆಯಿಲಿನ ಒತ್ತಡದಿಂದ ಏರುವ ಸೀಸೆಯಾಕಾರದ ಜಾಕಿಗೆ, ಶಕ್ತಿ ಹೆಚ್ಚು, ಎತ್ತುವ ಶ್ರಮ ಕಡಿಮೆ. ಆದರೆ 2 ಟನ್ನಿನ ಮಾಮೂಲಿ ಬಾಟಲ್ ಜಾಕಿ ಮುಚ್ಚಿದಾಗಲೇ 16ರಿಂದ 18 ಸೆಂಟಿಮೀಟರ್ ಎತ್ತರ ಇರುತ್ತದೆ, ತಳ ಸಣ್ಣದು, ತಲೆ ಇನ್ನೂ ಸಣ್ಣದು. ಜೀಪು, ಅಂಬಾಸಡರುಗಳ ಆಕ್ಸಲ್ಲಿಗೆ ಅದು ಸರಿ. ಚಿಕ್ಕ ಕಾರಿನ ರನ್ನಿಂಗ್ ಬೋರ್ಡಿಗೆ ಬೇಡ. ಇಟ್ಟುಕೊಂಡರೆ ನೆಟ್ಟಗೆ ನಿಲ್ಲಿಸಿಯೇ ಇಡಿ. ಡಿಕ್ಕಿಯಲ್ಲಿ ಉರುಳಾಡಿದ ಜಾಕಿಯ ಆಯಿಲ್ ಸೋರಿ, ಒಳಗೆ ಗಾಳಿ ಸೇರಿ, ಬೇಕಾದ ದಿನ ಏಳುವುದಿಲ್ಲ. ಗಾಲಿಗಳಿರುವ ಟ್ರಾಲಿ ಜಾಕಿ ಗ್ಯಾರೇಜಿನ ಸಿಮೆಂಟ್ ನೆಲಕ್ಕೆ ಒಳ್ಳೆಯದು. ಏರುವಾಗ ಅದು ತುಸು ಮುಂದಕ್ಕೆ ಉರುಳಲೇಬೇಕು, ಮಣ್ಣಿನಲ್ಲಿ ಉರುಳುವುದಿಲ್ಲ.

ಹಳೆಯ ಕಾರಿಗೆ ಮೂಲ ಜಾಕಿ ಕಳೆದುಹೋಗಿದ್ದರೆ, ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು. ಊರೂರಿನ ಗುಜರಿಯಲ್ಲೂ ಕಂಪನಿಯ ಜಾಕಿ ಸಿಗುತ್ತದೆ. ಹೊಸ ಅಗ್ಗದ ತಗಡಿನ ಜಾಕಿಗಿಂತ ಹಳೆಯ ಗಟ್ಟಿ ಜಾಕಿಯೇ ಮೇಲು ಎಂದು ನನ್ನ ಅಭಿಪ್ರಾಯ, ಆದರೆ ನೋಡಿ ತೆಗೆದುಕೊಳ್ಳಬೇಕು. ಸ್ಕ್ರೂವಿನ ಹಲ್ಲುಗಳು ಚೂಪಾಗಿ ಬ್ಲೇಡಿನಂತಾಗಿದ್ದರೆ ಸವೆದಿವೆ ಎಂದೇ ಅರ್ಥ. ಆ ಸ್ಕ್ರೂ ಓಡಾಡುವ ನಟ್ಟಿನ ಹತ್ತಿರ ಹಳದಿ ಅಥವಾ ಬೂದು ಲೋಹದ ಪುಡಿ ಕಂಡರೆ ಬೇಡ. ಸ್ಕ್ರೂವನ್ನು ಉದ್ದಕ್ಕೆ ಎಳೆದು ತಳ್ಳಿ: ಕಟಕಟ ಎಂದು ಆಡಿದರೆ ಬೇಡ. ಅರ್ಧ ಎತ್ತಿ ಎದುರಿನಿಂದ ನೋಡಿದಾಗ ನಾಲ್ಕು ತೋಳೂ ಒಂದೇ ನೇರದಲ್ಲಿರಬೇಕು, ಒಂದು ಸೊಟ್ಟಗಿದ್ದರೂ ಭಾರ ಬಿದ್ದಾಗ ಅದು ಪಕ್ಕಕ್ಕೆ ವಾಲುತ್ತದೆ. ತೋಳುಗಳ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಗಳಿರುತ್ತವೆ, ಅವುಗಳಲ್ಲಿ ಒಂದೂ ಮುರಿದಿರಬಾರದು. ಎಷ್ಟು ಭಾರಕ್ಕೆ ಎಂದು ಒತ್ತಿದ ಅಕ್ಷರ ಇಲ್ಲದ ಜಾಕಿಯನ್ನು ನಾನು ಕೈಯಲ್ಲೂ ಹಿಡಿಯುವುದಿಲ್ಲ.

ಜಾಕಿಯ ಜೊತೆಗೆ ಇವೂ ಡಿಕ್ಕಿಯಲ್ಲಿರಲಿ: ಒಂದೂಕಾಲು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ದಪ್ಪ ಪ್ಲೈವುಡ್ ಅಥವಾ ಮರದ ಹಲಗೆ, ಚಕ್ರಕ್ಕೆ ಅಡ್ಡ ಕೊಡಲು ಓರೆಯಾಗಿ ಕೊಯ್ಸಿದ ಎರಡು ಮರದ ಬೆಣೆ, ವೀಲ್ ಪಾನದ (ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರಿನ) ಹಿಡಿಗೆ ತೂರಿಸಲು ಎರಡಡಿ ಕಬ್ಬಿಣದ ಪೈಪು, ಟಾರ್ಚು, ಕೈಗವಸು, ಕೂರಲು ಒಂದು ಗೋಣಿಚೀಲ, ಪ್ರತಿಫಲಿಸುವ ಕೆಂಪು ತ್ರಿಕೋನ. ಹಲಗೆ ಯಾಕೆ ಎಂದರೆ, 300 ಕಿಲೋ ಭಾರ ಹೊತ್ತ ಜಾಕಿಯ ತಳ ಅಂಗೈಯಗಲ. 100 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂಟಿಮೀಟರಿಗೆ 3 ಕಿಲೋ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಅದನ್ನು ಗುಳುಂ ಎನ್ನಿಸಿಬಿಡುತ್ತದೆ. ಅದೇ ಭಾರ ಹಲಗೆಯ ಮೇಲೆ ಹರಡಿಕೊಂಡರೆ ಅರ್ಧ ಕಿಲೋಗಿಂತ ಕಡಿಮೆಯಾಗುತ್ತದೆ.

ಅಂದ ಹಾಗೆ, ನಾವು ಸ್ಟೆಪ್ನಿ ಎನ್ನುವ ಹೆಸರು ಬಂದದ್ದು ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇಲ್ಲದ ಕಾಲದಲ್ಲಿ, 1904ರಲ್ಲಿ, ಅಲ್ಲಿ ಅದನ್ನು ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರು ನಮ್ಮ ಪಂಚರ್ ಅಂಗಡಿಗಳಲ್ಲಿ ಇವತ್ತಿಗೂ ದಿನಾ ಕೇಳಿಸುತ್ತದೆ. ಜಾಕಿ ಎಷ್ಟೇ ಚೆನ್ನಾಗಿದ್ದರೂ ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿದ್ದರೆ ಏನೂ ಉಪಯೋಗವಿಲ್ಲ. ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸುವಾಗ ಡಿಕ್ಕಿಯನ್ನೂ ತೆರೆಯಿರಿ.

ಮನೆಯಲ್ಲಿ ಒಮ್ಮೆ ಎತ್ತಿ ನೋಡಿ

ಒಂದು ಭಾನುವಾರ ಬೆಳಗ್ಗೆ, ಸಮತಟ್ಟಾದ ನೆಲದಲ್ಲಿ, ಅವಸರವಿಲ್ಲದೆ ನಾಲ್ಕೂ ಮೂಲೆಯನ್ನು ಒಂದೊಂದಾಗಿ ಎತ್ತಿ ನೋಡಬೇಕು. ಸ್ಕ್ರೂವಿಗೆ ಗ್ರೀಸು ಹಚ್ಚಿ, ಹಳೆಯ ಗಟ್ಟಿಯಾದ ಗ್ರೀಸಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಹಚ್ಚಿ. ಚಕ್ರ ನೆಲ ಬಿಟ್ಟ ಮೇಲೆ ನಿಲ್ಲಿಸಿ, ನೆಲದಿಂದ ಬಾಡಿಗೆ ಇರುವ ಎತ್ತರ ಅಳೆದುಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕತ್ತರಿ ಜಾಕಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು. ಬಾಟಲ್ ಜಾಕಿ ಇಳಿದಿದ್ದರೆ ಸೀಲು ಹೋಗಿದೆ, ರಿಪೇರಿ ಆಗುವವರೆಗೆ ಅದು ಗಾಡಿಯಲ್ಲಿರುವುದೂ ಬೇಡ.

ಇನ್ನೊಂದು ಮುಖ್ಯ ಕೆಲಸ ವೀಲ್ ನಟ್ಟುಗಳದು. ಟೈರ್ ಅಂಗಡಿಯ ಗಾಳಿ ಗನ್ನಿನಿಂದ ಬಿಗಿಸಿದ ನಟ್ಟನ್ನು ರಸ್ತೆಯಲ್ಲಿ ಕೈಯಿಂದ ಬಿಚ್ಚುವುದು ಬಲು ಕಷ್ಟ. ಮನೆಯಲ್ಲೇ ಒಂದೊಂದನ್ನೂ ಸಡಿಲಿಸಿ, ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಒರೆಸಿ, ನಿಮ್ಮ ಕೈಬಲದಲ್ಲೇ ಮತ್ತೆ ಬಿಗಿಸಿ. ಆಗ ನಿಮ್ಮ ಕೈಗೇ ಬಿಚ್ಚಲು ಬರುತ್ತದೆ. ಹಳೆಯ ವಿಲ್ಲಿಸ್ ಜೀಪು ಇಟ್ಟುಕೊಂಡವರು ಮರೆಯಬಾರದು, ಅದರ ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡು, ಬಿಗಿಸುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಪೈಪು ಹಾಕಿ ತಿರುಗಿಸಿ ಸ್ಟಡ್ಡು (ನಟ್ಟು ಕೂರುವ ಬೋಲ್ಟು) ಮುರಿದವರಿದ್ದಾರೆ.

ಈ ಅಭ್ಯಾಸದ ದಿನವೂ ಜಾಕಿಯೊಂದರ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಬ್ರೇಕ್ ನೋಡಬೇಕು, ಸೈಲೆನ್ಸರ್ ನೋಡಬೇಕು ಅಂದರೆ ಎರಡು ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಜಾಕಿ ಇಳಿಸಿ, ಕಾರು ಸ್ಟ್ಯಾಂಡಿನ ಮೇಲೆ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿ ಆಮೇಲೆ. ಸಿಮೆಂಟಿನ ಟೊಳ್ಳು ಬ್ಲಾಕು, ಇಟ್ಟಿಗೆ ಇಟ್ಟು ಅಡಿಗೆ ಹೋಗುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಅವು ಮೊದಲು ಬಿರಿದು ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ.

ದಾರಿಯಲ್ಲಿ

ಪಂಚರ್ ಆಯಿತೆಂದು ತಿಳಿದ ಕೂಡಲೇ ನಿಲ್ಲಿಸಬೇಕಿಲ್ಲ. ತಿರುವಿನಲ್ಲಿ, ಸೇತುವೆ ಮೇಲೆ, ಇಳಿಜಾರಿನಲ್ಲಿ ಇದ್ದರೆ ನಡಿಗೆಯ ವೇಗದಲ್ಲಿ ಮುಂದಿನ ಸಮತಟ್ಟು ಜಾಗದವರೆಗೆ ಹೋಗಿ. ಟೈರು ಹಾಳಾಗಬಹುದು, ಆಗಲಿ. ಟಾರ್ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ. ಸೂಚನೆಯ ದೀಪ ಹಾಕಿ, ಎಲ್ಲರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಮಕ್ಕಳು, ವಯಸ್ಸಾದವರು ಮಳೆಯೆಂದು ಒಳಗೇ ಕೂತರೆ, ಅವರು ಅಲ್ಲಾಡಿದಾಗೆಲ್ಲ ಜಾಕಿಯೂ ಅಲ್ಲಾಡುತ್ತದೆ. ತ್ರಿಕೋನವನ್ನು ಹಿಂದೆ 50 ಹೆಜ್ಜೆಯಾದರೂ ದೂರದಲ್ಲಿಡಿ, ಘಾಟಿಯಲ್ಲಿ ತಿರುವಿಗಿಂತ ಮೊದಲೇ ಇಡಿ. ನಮ್ಮ ಲಾರಿಯವರು ಕೆಟ್ಟು ನಿಂತಾಗ ಸೊಪ್ಪಿನ ಕೊಂಬೆ ಮುರಿದು ರಸ್ತೆಯಲ್ಲಿಡುತ್ತಾರಲ್ಲ, ಹಗಲಿನಲ್ಲಿ ಅದು ಒಳ್ಳೆಯ ರೂಢಿ. ಕಲ್ಲು ಮಾತ್ರ ಇಡಬೇಡಿ, ಇಟ್ಟರೆ ಹೊರಡುವಾಗ ತೆಗೆಯಿರಿ. ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬೀಳುತ್ತಾರೆ.

ಬಲಗಡೆಯ ಚಕ್ರ ಹೋಗಿದ್ದು, ವಾಹನಗಳು ಮೈಗೆ ತಾಗುವಷ್ಟು ಹತ್ತಿರ ಓಡುತ್ತಿದ್ದರೆ, ಅಥವಾ ಕಾರು ಕಣ್ಣಿಗೆ ಕಾಣುವಷ್ಟು ಓರೆಯಾಗಿ ನಿಂತಿದ್ದರೆ ಕೆಲಸಕ್ಕೆ ಇಳಿಯಲೇಬೇಡಿ. ಸಹಾಯಕ್ಕೆ ಫೋನ್ ಮಾಡಿ: ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲೇ ಆಗಲಿ 112.

ಈಗ ಕಾರು ಉರುಳದಂತೆ ನೋಡಿಕೊಳ್ಳುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿ ಹಾಕಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಈ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. ಗೇರು ಹಿಡಿಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು: ಮಾರುತಿಯಲ್ಲಿ ಮುಂದಿನವು, ಅಂಬಾಸಡರ್, ಪದ್ಮಿನಿಗಳಲ್ಲಿ ಹಿಂದಿನವು. ಆ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ. ಒಂದು ಚಕ್ರ ಗಾಳಿಯಲ್ಲಿ ಸಲೀಸಾಗಿ ತಿರುಗುವಂತಾದರೆ ನೆಲದ ಮೇಲಿರುವ ಇನ್ನೊಂದನ್ನು ಗೇರು ಹಿಡಿದಿಡುವುದಿಲ್ಲ. ಮಾರುತಿಯ ಮುಂದಿನ ಚಕ್ರ ಎತ್ತಿದಾಗ ಗೇರಿನ ಹಿಡಿತ ಹೋಯಿತು, ಹ್ಯಾಂಡ್ ಬ್ರೇಕ್ ಉಳಿಯಿತು. ಅಂಬಾಸಡರಿನ ಹಿಂದಿನ ಚಕ್ರ ಎತ್ತಿದರೆ ಉಳಿಯುವುದು ನೆಲದ ಮೇಲಿರುವ ಒಂದೇ ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್. ಅದರ ಕೇಬಲ್ಲು ಹಳತಾಗಿ ಸಡಿಲವಾಗಿದ್ದರೆ, ಮುಂದಿನ ಎರಡೂ ಚಕ್ರ ಉರುಳಲು ಸಿದ್ಧವಾಗಿಯೇ ಇರುತ್ತವೆ. ಆದ್ದರಿಂದ ಹ್ಯಾಂಡ್ ಬ್ರೇಕ್, ಗೇರು ಎರಡನ್ನೂ ಹಾಕಿ, ಅದರ ಮೇಲೆ ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರಕ್ಕೆ ಹಿಂದೆ ಮುಂದೆ ಬೆಣೆ ಒತ್ತಿ ಕೊಡಿ. ಬೆಣೆ ಇಲ್ಲದಿದ್ದರೆ ಕೋನವಿರುವ ಕಲ್ಲು. ಗುಂಡುಕಲ್ಲು ಕಾರಿನ ಜೊತೆಗೇ ಉರುಳುತ್ತದೆ.

ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಕ್ಕೆ ಬಲ ಹಾಕಿದರೆ ಕಾರೇ ಜಾಕಿಯಿಂದ ಜಾರುತ್ತದೆ. ಬಾರದಿದ್ದರೆ ಪೈಪು ತೂರಿಸಿ.

ನೆಲದ ಮೇಲಿನ ಜಲ್ಲಿ, ಹುಲ್ಲು ಸರಿಸಿ ಹಲಗೆ ಹಾಕಿ, ಅದರ ನಡುವೆ ಜಾಕಿ ಇಟ್ಟು, ಮೊದಲ ಕೆಲವು ಸುತ್ತನ್ನು ಕೈಯಿಂದಲೇ ತಿರುಗಿಸಿ ತಲೆಯ ಸೀಳಿಗೆ ಪಟ್ಟಿ ಕೂರಿಸಿ. ಕತ್ತರಿ ಜಾಕಿ ತೀರ ಮುಚ್ಚಿರುವಾಗ ಅದರ ತೋಳುಗಳು ಮಲಗಿದಂತಿರುತ್ತವೆ, ಸ್ಕ್ರೂವಿನ ಮೇಲೆ ಅತಿ ಹೆಚ್ಚು ಎಳೆತ ಬೀಳುವುದು ಆಗಲೇ. ಮೊದಲ ಸುತ್ತುಗಳು ಬಿಗಿಯೆಂದು ಹೆದರಬೇಡಿ, ಏರಿದಂತೆ ಹಗುರಾಗುತ್ತದೆ. ಭಾರ ಹೊತ್ತ ಕೂಡಲೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಜಾಕಿ ನೆಟ್ಟಗಿದೆಯೇ, ಹಲಗೆ ಒಂದು ಕಡೆ ಇಳಿಯುತ್ತಿದೆಯೇ? ಸ್ವಲ್ಪ ವಾಲಿದರೂ ಇಳಿಸಿ ಮತ್ತೆ ಇಡಿ. ಎರಡನೆಯ ಸಲ ಇಡುವುದಕ್ಕೆ ಬೇಸರ ಪಡಬೇಡಿ.

ಪಂಚರ್ ಚಕ್ರ ನೆಲ ಬಿಟ್ಟ ಮೇಲೂ ನಾಲ್ಕೈದು ಬೆರಳು ಎತ್ತಬೇಕು, ಗಾಳಿ ತುಂಬಿದ ಸ್ಟೆಪ್ನಿ ದಪ್ಪವಾಗಿರುತ್ತದೆ. ಜಾಕಿಯ ಎತ್ತರ ಮುಗಿದರೂ ಅದು ಒಳಗೆ ಹೋಗದಿದ್ದರೆ, ಚಕ್ರದ ಕೆಳಗಿನ ಮಣ್ಣನ್ನು ಕೋಲಿನಿಂದ ಕೆದಕಿ ತಗ್ಗು ಮಾಡಿ. ಜಾಕಿಯ ಹಲಗೆಯ ಹತ್ತಿರದ ಮಣ್ಣನ್ನು ಮುಟ್ಟಬೇಡಿ. ನಟ್ಟು ಬಿಚ್ಚುವ ಮೊದಲು ಸ್ಟೆಪ್ನಿಯನ್ನು ರನ್ನಿಂಗ್ ಬೋರ್ಡಿನ ಅಡಿಗೆ, ಜಾಕಿಯ ಪಕ್ಕದಲ್ಲಿ ಅಡ್ಡ ಮಲಗಿಸಿ. ಚಕ್ರ ಬಿಚ್ಚಿದ ಕೂಡಲೇ ಅದನ್ನು ಅಡಿಗೆ ತಳ್ಳಿ ಸ್ಟೆಪ್ನಿಯನ್ನು ಹೊರಗೆ ಎಳೆದುಕೊಳ್ಳಿ. ಜಾಕಿ ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲೆ ಅಲ್ಲ. ಚಕ್ರ ಎಳೆಯುವಾಗಲೂ ಕೂರಿಸುವಾಗಲೂ ಪಕ್ಕಗಳಿಂದ ಹಿಡಿಯಿರಿ, ಅಡಿಯಿಂದ ಬೆರಳು ಕೊಡಬೇಡಿ. ಬಿಚ್ಚಿದ ನಟ್ಟುಗಳನ್ನು ಹುಲ್ಲಿನಲ್ಲಿ ಇಡದೆ ಜೇಬಿಗೆ ಹಾಕಿಕೊಳ್ಳಿ.

ನಟ್ಟಿನ ಓರೆಯಾದ ಬದಿ ಒಳಕ್ಕೆ ಬರಬೇಕು. ನಾಲ್ಕನ್ನೂ ಬೆರಳಿನಿಂದ ಹತ್ತಿಸಿ, ಒಂದಕ್ಕೆ ಎದುರಿನ ಇನ್ನೊಂದು ಎಂಬಂತೆ ಪಾನದಿಂದ ತುಸು ಬಿಗಿಸಿ. ಅಡಿಗಿಟ್ಟ ಚಕ್ರ ಈಚೆ ತೆಗೆದು, ಕಾರು ಇಳಿಸಿ, ಚಕ್ರ ನೆಲಕ್ಕೆ ಊರಿದ ಮೇಲೆ ಅದೇ ಅಡ್ಡ ಕ್ರಮದಲ್ಲಿ ಪೂರ್ತಿ ಬಿಗಿಸಿ. ಬಿಗಿಸುವಾಗ ಪೈಪು ಹಾಕಬೇಡಿ, ಪಾನದ ಮೇಲೆ ನಿಂತು ತುಳಿಯಬೇಡಿ. ಹಳೆಯ ಸ್ಟಡ್ಡು ತಾಳುವುದಿಲ್ಲ. ಬೆಣೆ, ಹಲಗೆ, ತ್ರಿಕೋನ, ಕೊಂಬೆ ಎಲ್ಲ ಎತ್ತಿಕೊಂಡು ಹೊರಡಿ. 50 ಕಿಲೋಮೀಟರ್ ಓಡಿದ ಮೇಲೆ ಚಹಾ ಕುಡಿಯಲು ನಿಲ್ಲಿಸಿದಾಗ ನಟ್ಟುಗಳನ್ನು ಇನ್ನೊಮ್ಮೆ ಪಾನ ಹಾಕಿ ನೋಡಿ.

ಪಂಚರ್ ಅವತ್ತೇ ಹಾಕಿಸಿ. ಮನೆಗೆ ಬಂದ ಮೇಲೆ ಜಾಕಿಯ ಕೆಸರು ಒರೆಸಿ, ಸ್ಕ್ರೂವಿಗೆ ತುಸು ಗ್ರೀಸು ಸವರಿ, ಹಳೆಯ ಲುಂಗಿ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ನಮ್ಮ ಕಾರಿನ ರನ್ನಿಂಗ್ ಬೋರ್ಡಿಗೆ ಆಮೇಲೆ ಹೊಸ ತಗಡು ಹಾಕಿಸಿದೆವು. ಜಾಕಿಯ ಜಾಗದಲ್ಲಿ ಒಳಗಿನಿಂದ ಇನ್ನೊಂದು ಪಟ್ಟಿ ಸೇರಿಸಿ ವೆಲ್ಡ್ ಮಾಡಿದ ಮೇಸ್ತ್ರಿ, ಬಣ್ಣ ಬಳಿಯುವ ಮುಂಚೆ ನನ್ನನ್ನು ಕರೆದು, "ನೀವೇ ಜಾಕಿ ಕೊಟ್ಟು ಎತ್ತಿ ನೋಡಿ ಸಾರ್, ಆಮೇಲೆ ಬಣ್ಣ" ಎಂದರು. ಎತ್ತಿದೆ. ತಗಡು ಕಿರುಗುಟ್ಟಲಿಲ್ಲ.